ನಮ್ಮ ಗಾಳಿ, ನಮ್ಮ ನೀರು: ಲೆಕ್ಕ ಕೇಳುವುದೂ ಹೊಣೆಗಾರಿಕೆಯೇ

(ಮೊಹಲ್ಲಾ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಹೊರಬಿತ್ತು. ಸುತ್ತಲಿನ ಬಡ ಬಡಾವಣೆಗಳಲ್ಲಿ ಮಲಗಿದ್ದ ಸಾವಿರಾರು ಮಂದಿ, ಹಿಂದೂ-ಮುಸ್ಲಿಮ್ ಎಂಬ ಭೇದವಿಲ್ಲದೆ, ಪ್ರಾಣ ತೆತ್ತರು. ಕಾರ್ಖಾನೆಯ ಗೋಡೆಗೆ ತಾಗಿಕೊಂಡೇ ಬದುಕುತ್ತಿದ್ದ ಆ ಜನರಿಗೆ ಒಳಗೆ ಏನು ಸಂಗ್ರಹವಾಗಿದೆ ಎಂಬುದು ತಿಳಿದಿರಲಿಲ್ಲ. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಿ ಎಂಬ ಸಣ್ಣ ಸೂಚನೆಯೂ ಅವರನ್ನು ತಲುಪಿರಲಿಲ್ಲ.

ಹಾಗಾದರೆ ಮಾಹಿತಿಯೇ ಇರಲಿಲ್ಲವೇ? ಇತ್ತು. 1982ರಲ್ಲೇ ಕಂಪೆನಿಯ ಅಮೆರಿಕದ ತಜ್ಞರು ಸುರಕ್ಷತೆಯ ಲೋಪಗಳನ್ನು ವರದಿಯಲ್ಲಿ ದಾಖಲಿಸಿದ್ದರು. ಪತ್ರಕರ್ತ ರಾಜಕುಮಾರ್ ಕೇಸ್ವಾನಿಯವರು ಅದೇ ವರ್ಷ ತಮ್ಮ ಪುಟ್ಟ ವಾರಪತ್ರಿಕೆಯಲ್ಲಿ ಅಪಾಯದ ಕುರಿತು ಮತ್ತೆ ಮತ್ತೆ ಎಚ್ಚರಿಸಿದರು. ವರದಿ ಕಡತದಲ್ಲಿ ಉಳಿಯಿತು. ಪತ್ರಿಕೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ದುರಂತದಿಂದ ಎಚ್ಚೆತ್ತ ಅಮೆರಿಕವು 1986ರಲ್ಲಿ ಕಾನೂನೊಂದನ್ನು ತಂದಿತು. ನಿಗದಿತ ವಿಷರಾಸಾಯನಿಕಗಳನ್ನು ಎಷ್ಟು ಹೊರಬಿಡುತ್ತೇವೆಂದು ಅಲ್ಲಿನ ಕಾರ್ಖಾನೆಗಳು ವರ್ಷಕ್ಕೊಮ್ಮೆ ಹೇಳಬೇಕು, ಆ ಪಟ್ಟಿಯನ್ನು ಯಾರೂ ನೋಡಬಹುದು. ದುರಂತ ಸಂಭವಿಸಿದ ನಮ್ಮ ದೇಶದಲ್ಲಿ ಅಂತಹ ಸಮಗ್ರ ಪಟ್ಟಿ ಇಲ್ಲ. ಆದರೆ ಬಾಗಿಲುಗಳೆಲ್ಲವೂ ಮುಚ್ಚಿವೆಯೆಂದು ಭಾವಿಸಿದರೆ ಅದು ನಮ್ಮ ಅಜ್ಞಾನ.

1974ರ ಜಲ ಕಾಯಿದೆ ಮತ್ತು 1981ರ ವಾಯು ಕಾಯಿದೆಯ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ತಾನು ಸಮ್ಮತಿ ನೀಡಿದ ಉದ್ಯಮಗಳ ನೋಂದಣಿ ಪುಸ್ತಕವನ್ನು ಇಟ್ಟಿರಬೇಕು. ಮಾಲಿನ್ಯದಿಂದ ಬಾಧಿತರಾದ ಯಾರೇ ಆಗಲಿ ಅದನ್ನು ಪರಿಶೀಲಿಸುವ ಹಕ್ಕುಳ್ಳವರು. ಅಪಾಯಕಾರಿ ರಾಸಾಯನಿಕ ಬಳಸುವ ಉದ್ಯಮಗಳು ಅವುಗಳ ವಿವರವನ್ನೂ ಹೊರಬಿಡುವ ತ್ಯಾಜ್ಯದ ವಿವರವನ್ನೂ ಮುಖ್ಯ ದ್ವಾರದ ಹೊರಗೆ ಪ್ರದರ್ಶಿಸಬೇಕೆಂದು ಸುಪ್ರೀಮ್ ಕೋರ್ಟ್ 2003ರಲ್ಲಿ ಆದೇಶಿಸಿದೆ. ಪ್ರತಿದಿನ ಆ ದ್ವಾರದ ಮುಂದೆ ಹಾದುಹೋಗುವ ನಮ್ಮಲ್ಲಿ ಎಷ್ಟು ಮಂದಿ ಆ ಫಲಕವಿದೆಯೇ ಎಂದು ನೋಡಿದ್ದೇವೆ?

2005ರ ಮಾಹಿತಿ ಹಕ್ಕು ಕಾಯಿದೆಯಂತೂ ಬಡವನ ಕೈಯಲ್ಲಿರುವ ಕೀಲಿಕೈ. ಅರ್ಜಿ ಶುಲ್ಕ ಹತ್ತು ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ, ಅಲ್ಲಿಯೂ ನ್ಯಾಯ ಸಿಗದಿದ್ದರೆ ಮಾಹಿತಿ ಆಯೋಗ. ಆದರೆ ಕೇಳುವ ಕ್ರಮ ಗೊತ್ತಿರಬೇಕು. 'ನಮ್ಮ ಬಾವಿ ಏಕೆ ಕೆಟ್ಟಿದೆ?' ಎಂದರೆ ಉತ್ತರ ಸಿಗದು, ಏಕೆಂದರೆ ಈ ಕಾಯಿದೆ ಕೊಡಿಸುವುದು ದಾಖಲೆಯನ್ನು, ಅಭಿಪ್ರಾಯವನ್ನಲ್ಲ. ಇಂತಹ ಘಟಕಕ್ಕೆ ನೀಡಿದ ಸಮ್ಮತಿ ಪತ್ರ ಮತ್ತು ಅದರ ಷರತ್ತುಗಳು, ಕಳೆದ ಮೂರು ವರ್ಷಗಳ ತ್ಯಾಜ್ಯ ನೀರಿನ ಪರೀಕ್ಷಾ ವರದಿಗಳು, ಮಂಡಳಿ ನೀಡಿದ ನೋಟೀಸುಗಳು: ಇವುಗಳ ಪ್ರತಿ ಕೇಳಬೇಕು. ವ್ಯಾಪಾರ ರಹಸ್ಯವೆಂಬ ನೆಪ ಬಂದರೆ, ಸಾರ್ವಜನಿಕ ಹಿತ ಅದಕ್ಕಿಂತ ದೊಡ್ಡದಾದಲ್ಲಿ ಮಾಹಿತಿ ಕೊಡಬೇಕೆಂದು ಅದೇ ಕಾಯಿದೆ ಹೇಳುತ್ತದೆಯೆಂದು ನೆನಪಿಸಬೇಕು.

ಇನ್ನೊಂದು ಕಹಿ ಮಾತು. ಬೊಟ್ಟು ಮಾಡುವಾಗ ನಮ್ಮ ಅಂಗಳವನ್ನೂ ನೋಡೋಣ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವವರು, ತಾಮ್ರಕ್ಕಾಗಿ ವಯರು ಸುಡುವವರು ನಮ್ಮವರಲ್ಲಿಲ್ಲವೇ? ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಗುಜರಿ ನಡೆಸುವ ನೆರೆಯವನು ನಮ್ಮವನೆಂಬ ಕಾರಣಕ್ಕೆ ನಾವು ಮೌನವಾಗಿದ್ದರೆ ಕಾರ್ಖಾನೆಯ ಮಾಲಕನನ್ನು ಪ್ರಶ್ನಿಸುವ ನೈತಿಕ ಶಕ್ತಿ ನಮಗೆಲ್ಲಿಂದ ಬರಬೇಕು? ಹಾಗೆಂದು ಅವನ ಅನ್ನ ಕಸಿಯಬೇಕೆಂದು ನಾವು ಹೇಳುತ್ತಿಲ್ಲ. ಬ್ಯಾಟರಿಗಳನ್ನು ಪರವಾನಗಿಯುಳ್ಳ ಮರುಬಳಕೆ ಘಟಕಕ್ಕೆ ಮಾರುವ ದಾರಿ ಅವನಿಗಿದೆ. ಆ ದಾರಿ ತೋರಿಸಲು ಜಮಾಅತ್ ಮುಂದೆ ಬರಲಿ.

ವುಝೂ ಮಾಡುವ ನೀರಿನ ಶುದ್ಧಿಯ ಬಗ್ಗೆ ನಮ್ಮ ಮದ್ರಸಗಳಲ್ಲಿ ಅಧ್ಯಾಯಗಟ್ಟಲೆ ಪಾಠವಿದೆ. ಅದೇ ನೀರು ಎಲ್ಲಿಂದ ಬರುತ್ತದೆ, ಅದರಲ್ಲಿ ಏನು ಬೆರೆತಿದೆಯೆಂದು ವಿಚಾರಿಸುವುದು ಆ ಪಾಠದ ಮುಂದುವರಿಕೆಯೇ ಅಲ್ಲವೇ? ನಿಂತ ನೀರನ್ನು ಮಲಿನಗೊಳಿಸುವುದನ್ನು ಪ್ರವಾದಿ(ಸ) ನಿಷೇಧಿಸಿದ್ದಾರೆ. ಸಾಕ್ಷ್ಯವನ್ನು ಮರೆಮಾಚುವುದು ಪಾಪವೆಂದು ಕುರ್‌ಆನ್ ಕಲಿಸುತ್ತದೆ. ನೆರೆಯವರ ಪ್ರಾಣಕ್ಕೆ ಸಂಬಂಧಿಸಿದ ಮಾಹಿತಿಯೂ ಸಾಕ್ಷ್ಯವೇ. ಅದನ್ನು ಬಚ್ಚಿಡುವುದು ತಪ್ಪು. ಸಿಗುವಂತಿದ್ದೂ ಕೇಳದಿರುವುದು ಹೊಣೆಗೇಡಿತನ.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಪ್ರತಿಯೊಂದು ಮೊಹಲ್ಲಾದಲ್ಲಿ ಓದು ಬಲ್ಲ ಇಬ್ಬರು ಯುವಕರು, ಇಬ್ಬರು ಯುವತಿಯರು ಮುಂದೆ ಬರಲಿ. ಹಿಂದೂ, ಕ್ರೈಸ್ತ ನೆರೆಹೊರೆಯವರನ್ನೂ ಜೊತೆಗೆ ಕರೆಯಲಿ, ಏಕೆಂದರೆ ನೆಲದಡಿಯ ನೀರು ಬೇಲಿ ನೋಡಿ ಹರಿಯುವುದಿಲ್ಲ. ಈ ತಿಂಗಳು ಒಂದೇ ಒಂದು ಅರ್ಜಿ ಬರೆಯಲಿ. ಬಂದ ಉತ್ತರವನ್ನು ಜುಮಾ ನಮಾಝಿನ ಬಳಿಕ ಎಲ್ಲರಿಗೂ ಓದಿ ಹೇಳಲಿ. ಭೋಪಾಲದಲ್ಲಿ ಕಡತದೊಳಗೆ ಉಳಿದ ಮಾತು ನಮ್ಮೂರಿನಲ್ಲಿ ಸಮಯಕ್ಕೆ ಮುಂಚೆ ಹೊರಬರಲಿ.

ಅಲ್ಲಾಹನು ನಮಗೆ ಅದಕ್ಕೆ ಬೇಕಾದ ಪ್ರಜ್ಞೆಯನ್ನೂ ಧೈರ್ಯವನ್ನೂ ಕರುಣಿಸಲಿ.