ದಿನನಿತ್ಯದ ಸಣ್ಣ ಸಂತೋಷಗಳು

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಕೊಟ್ಟಿದ್ದ ವಿಷಯ ಸಹಕಾರ ಚಳವಳಿ ಬೆಳೆದು ಬಂದ ದಾರಿ. ಆದರೆ ಕಾರ್ಯದರ್ಶಿಗಳು ಈಗಷ್ಟೇ ವರದಿ ಓದಿದರು. ಷೇರು ಬಂಡವಾಳ ಎಷ್ಟು, ದಿನಕ್ಕೆ ಎಷ್ಟು ಲೀಟರ್, ಬೋನಸ್ ಎಷ್ಟು ಹಂಚಿದೆವು, ಕಟ್ಟಡಕ್ಕೆ ಎಷ್ಟು ಖರ್ಚಾಯಿತು, ಎಲ್ಲಾ ಬಂತು. ಊಟ ಆದ ಮೇಲಿನ ಹೊತ್ತು, ಅದನ್ನೇ ಇನ್ನೊಂದು ಸಲ ಹೇಳಿದರೆ ಕಣ್ಣು ಎಳೆಯುತ್ತದೆ. ಆದ್ದರಿಂದ ಅಧ್ಯಕ್ಷರ ಅಪ್ಪಣೆ ಪಡೆದು, ಆ ವರದಿಯಲ್ಲಿ ಎಲ್ಲೂ ಬಾರದ ಒಂದು ಬಾಬತ್ತಿನ ಬಗ್ಗೆ ನಾಲ್ಕು ಮಾತು ಆಡೋಣ ಅಂತ. ಇಪ್ಪತ್ತೈದು ವರ್ಷದಲ್ಲಿ ಈ ಡೈರಿಯಿಂದ ನಮಗೆ ಬಂದ ಸಣ್ಣ ಸಣ್ಣ ಸಂತೋಷಗಳು. ಇವು ಯಾವ ಲೆಡ್ಜರಿನಲ್ಲೂ ಇಲ್ಲ, ಆಡಿಟ್‌ಗೂ ಸಿಗುವುದಿಲ್ಲ.

ಇತಿಹಾಸವನ್ನು ಪೂರ್ತಿ ಬಿಟ್ಟರೆ ತಪ್ಪಾಗುತ್ತದೆ, ಒಂದೆರಡು ಮಾತಿನಲ್ಲಿ ಮುಗಿಸಿಬಿಡೋಣ. 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು. ಮರುವರ್ಷ, 1905ರಲ್ಲಿ, ನಮ್ಮದೇ ನಾಡಿನ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಹಾಲಿನ ವಿಷಯಕ್ಕೆ ಬಂದರೆ 1946ರಲ್ಲಿ ಗುಜರಾತಿನ ಆನಂದದಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳುತನದಲ್ಲಿ ರೈತರೇ ಒಂದಾದರು, 1949ರಲ್ಲಿ ಕುರಿಯನ್ ಅವರು ಅಲ್ಲಿಗೆ ಬಂದರು. ನಮ್ಮ ರಾಜ್ಯದಲ್ಲಿ 1974ರಲ್ಲಿ ಡೈರಿ ಅಭಿವೃದ್ಧಿ ನಿಗಮ ಆಯಿತು, 1984ರಲ್ಲಿ ಹಾಲು ಮಹಾಮಂಡಳ. ದೊಡ್ಡ ದೊಡ್ಡವರ ಕೆಲಸ, ನಮಸ್ಕಾರ ಮಾಡೋಣ. ಆದರೆ ಇಷ್ಟೆಲ್ಲಾ ನಿಂತಿರುವುದು ಯಾತರ ಮೇಲೆ? ಯಾರೋ ಒಬ್ಬ ತಾಯಿ ಬೆಳಗಿನ ಜಾವ ಎದ್ದು, ಸ್ಟೀಲ್ ಕ್ಯಾನಿನಲ್ಲಿ ತಂದು ಹುಯ್ಯುವ ಅರ್ಧ ಲೀಟರು, ಒಂದು ಲೀಟರಿನ ಮೇಲೆ. ನಮ್ಮ ಸಂಘದ ಕಸುಬೇ ಸಣ್ಣದನ್ನು ಸೇರಿಸುವುದು. ಅದಕ್ಕೇ ಸಣ್ಣದರ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅನ್ನಿಸಿತು.

ಬೆಳಿಗ್ಗೆ ಆರು ಗಂಟೆಗೆ ಡೈರಿ ಬಾಗಿಲು ತೆಗೆಯುವ ಹೊತ್ತನ್ನು ನೆನೆಸಿಕೊಳ್ಳಿ. ಮಾಗಿ ಕಾಲ ಅಂತಿಟ್ಟುಕೊಳ್ಳಿ. ಮಂಜು ಇನ್ನೂ ಬಿಟ್ಟಿಲ್ಲ. ತಲೆಗೆ ಟವಲು ಸುತ್ತಿದವರು, ಸೆರಗು ಹೊದ್ದವರು, ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡ ಹುಡುಗರು, ಎಲ್ಲರ ಕೈಯಲ್ಲೂ ಕ್ಯಾನು. ಆಗ ತಾನೆ ಕರೆದ ಹಾಲು, ಕ್ಯಾನು ಬೆಚ್ಚಗಿರುತ್ತದೆ. ಆ ಚಳಿಯಲ್ಲಿ ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಿಲ್ಲುವುದಿದೆಯಲ್ಲ, ಅದೇ ಒಂದು ಸುಖ. ಯಾರೂ ಹಾಗಂತ ಹೇಳಿಕೊಂಡಿದ್ದಿಲ್ಲ, ಆದರೆ ಎಲ್ಲರೂ ಮಾಡುತ್ತೇವೆ. ಸಾಲಿನಲ್ಲಿ ನಿಂತ ಹತ್ತು ನಿಮಿಷದಲ್ಲಿ ಊರಿನ ಸಮಾಚಾರವೆಲ್ಲಾ ಒಂದು ಸುತ್ತು ಬರುತ್ತದೆ. ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದರು, ಯಾರ ಬೋರ್‌ವೆಲ್ ನಿಂತುಹೋಯಿತು, ಯಾರಿಗೆ ಜ್ವರ. ಒಂದು ದಿನ ಯಾರಾದರೂ ಹಾಲು ತರಲಿಲ್ಲ ಅಂದರೆ ಮೊದಲು ಕೇಳುವವರು ಸಾಲಿನಲ್ಲಿ ಹಿಂದೆ ನಿಲ್ಲುವವರು. "ಯಾಕಮ್ಮ, ನಿನ್ನೆ ಸಂಜೆ ಕಾಣಲಿಲ್ಲ? ಹಸ ಹುಷಾರಾ?" ಹಸು ಹುಷಾರಾ ಅಂತ ಕೇಳಿದರೆ ಮನೆಯವರೂ ಹುಷಾರಾ ಅಂತ ಅದರಲ್ಲೇ ಬಂತು.

ಈಗಿನ ಹುಡುಗರಿಗೆ ಗೊತ್ತಿರಲಾರದು, ಹಿಂದೆ ಫ್ಯಾಟ್ ನೋಡಲು ಗಾಜಿನ ನಳಿಗೆಗೆ ಗಂಧಕಾಮ್ಲ ಹಾಕಿ, ಹಾಲು ಹಾಕಿ, ಅಮೈಲ್ ಆಲ್ಕೋಹಾಲ್ ಸೇರಿಸಿ, ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸುತ್ತಿದ್ದರು. ಗರ್ಬರ್ ಪರೀಕ್ಷೆ ಅಂತ ಅದಕ್ಕೆ ಹೆಸರು. ಪರೀಕ್ಷಕರ ಕೈಮೇಲೆ ಆಸಿಡ್ ಬಿದ್ದರೆ ಗಾಯ. ಈಗ ಮೆಷಿನ್ನಿಗೆ ಒಂದಿಷ್ಟು ಹಾಲು ಇಟ್ಟರೆ ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು, ದುಡ್ಡು ಎಷ್ಟು ಅಂತ ಚೀಟಿ ಬಂದುಬಿಡುತ್ತದೆ. ಒಳ್ಳೆಯದೇ ಆಯಿತು. ಆದರೂ ಆ ಚೀಟಿ ಬರುವ ತನಕ ಒಂದು ಕ್ಷಣ ಉಸಿರು ಹಿಡಿದು ನಿಲ್ಲುವುದು ಅಂದೂ ಇತ್ತು, ಇಂದೂ ಇದೆ. ಮೂರೂವರೆ ಇದ್ದದ್ದು ಮೂರು ಎಂಟು ಬಂದರೆ ಮುಖ ಅರಳುತ್ತದೆ. ಹಿಂಡಿ ಬದಲಾಯಿಸಿದ್ದಕ್ಕೋ, ಒಣಹುಲ್ಲು ಜಾಸ್ತಿ ಹಾಕಿದ್ದಕ್ಕೋ ಅಂತ ಮನೆಗೆ ಹೋಗುವವರೆಗೂ ಲೆಕ್ಕಾಚಾರ. ಲೀಟರಿಗೆ ಸಿಗುವ ಹೆಚ್ಚಿನ ಕಾಸು ಅಷ್ಟರಲ್ಲೇ ಇರಬಹುದು. ಆದರೆ "ನಾನು ನೋಡಿಕೊಂಡ ಹಸ" ಅನ್ನುವ ಹೆಮ್ಮೆ ಆ ಕಾಸಿನದಲ್ಲ.

ಇನ್ನು ಹಸು ಈಯುವ ದಿನ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇಂಜೆಕ್ಷನ್ ಕೊಡಿಸಿದ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿರುತ್ತೇವೆ. ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆಗೆ ಬರಲಿಲ್ಲ ಅಂದರೆ ಒಂದು ಸಮಾಧಾನ, ಡಾಕ್ಟರು ಬಂದು ಗಬ್ಬ ನಿಂತಿದೆ ಅಂದರೆ ಇನ್ನೊಂದು. ಆಮೇಲೆ ಒಂಬತ್ತು ತಿಂಗಳು ಚಿಲ್ಲರೆ ಕಾಯುವುದು. ದಿನ ಹತ್ತಿರ ಬಂತು ಅಂದರೆ ರಾತ್ರಿ ಮೂರು ಸಲ ಎದ್ದು ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋಗುತ್ತೇವೆ. ಕರು ನೆಲಕ್ಕೆ ಬಿದ್ದು, ತಾಯಿ ಅದನ್ನು ನೆಕ್ಕಿ ನೆಕ್ಕಿ, ಅದು ನಡುಗುವ ಕಾಲಲ್ಲಿ ಎದ್ದು, ಮುಗ್ಗರಿಸಿ, ಮತ್ತೆ ಎದ್ದು ಕೆಚ್ಚಲು ಹುಡುಕುತ್ತದೆ. ಮೊದಲು ಮುಂಗಾಲಿನ ಹತ್ತಿರ ಹುಡುಕುತ್ತದೆ, ದಡ್ಡ ಮುಂಡೇದು! ಮನೆಮಂದಿ ಎಲ್ಲಾ ಸುತ್ತ ನಿಂತು ನಗುತ್ತೇವೆ. ಮಾಸು ಬೀಳುವವರೆಗೂ ಯಾರೂ ಮಲಗುವುದಿಲ್ಲ.

ಇಲ್ಲೊಂದು ಮಾತು ಹೇಳಿಬಿಡೋಣ, ಭಾಷಣದ ಮಧ್ಯೆ ಬಂದರೂ ಪರವಾಗಿಲ್ಲ. ಕೆಲವರು ಮಾಸು ಬೀಳುವವರೆಗೂ ಕರುವಿಗೆ ಹಾಲು ಬಿಡುವುದಿಲ್ಲ. ಹಾಗೆ ಮಾಡಬಾರದು. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಲೇಬೇಕು. ರೋಗ ತಡೆಯುವ ಶಕ್ತಿ ಕರುವಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗ ಬರುವುದಿಲ್ಲ, ಈ ಗಿಣ್ಣಿನಿಂದಲೇ ಬರಬೇಕು. ಕರುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೊದಲ ದಿನವೇ ಹೊಟ್ಟೆಗೆ ಹೋಗಬೇಕು. ಮೂವತ್ತು ಕೆಜಿ ಕರು ಅಂದರೆ ಮೂರು ಲೀಟರು. ಕರುವಿನ ಪಾಲು ಕರುವಿಗೆ ಹೋದ ಮೇಲೆ ನಮ್ಮ ಪಾಲು.

ಆ ನಮ್ಮ ಪಾಲೇ ಗಿಣ್ಣು. ಈದ ಮೊದಲ ದಿನಗಳ ಹಾಲನ್ನು ಡೈರಿ ತೆಗೆದುಕೊಳ್ಳುವುದಿಲ್ಲ. ಬಹಳ ಒಳ್ಳೆ ಕಾನೂನು! ತೆಗೆದುಕೊಂಡಿದ್ದರೆ ಅದನ್ನೂ ಹುಯ್ದು ಬರುತ್ತಿದ್ದೆವೋ ಏನೋ. ಡೈರಿ ಬೇಡ ಅಂದದ್ದಕ್ಕೆ ಅದು ಮನೆಯಲ್ಲಿ ಉಳಿಯಿತು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ಗಟ್ಟಿಯಾದ ಮೇಲೆ ಚಾಕುವಿನಲ್ಲಿ ಕೊಯ್ದು, ತಟ್ಟೆಯಲ್ಲಿಟ್ಟು ಅಕ್ಕಪಕ್ಕದ ಮನೆಗೆಲ್ಲಾ ಕಳಿಸುತ್ತಾರೆ. ಮಾತು ಬಿಟ್ಟವರ ಮನೆಗೂ ಗಿಣ್ಣು ಹೋಗುತ್ತದೆ. ಖಾಲಿ ತಟ್ಟೆ ವಾಪಸ್ಸು ಕೊಡಬಾರದು ಅಂತ ಅವರು ಒಂದು ಚೂರು ಬೆಲ್ಲವೋ ಒಂದು ಹಿಡಿ ಅಕ್ಕಿಯೋ ಹಾಕಿ ಕಳಿಸುತ್ತಾರೆ. ಬದುವಿನ ಜಗಳ ತಟ್ಟೆಯಿಂದ ಬಗೆಹರಿಯುವುದಿಲ್ಲ, ಅದಕ್ಕೆ ಸರ್ವೆಯವರೇ ಬರಬೇಕು. ಆದರೆ ಮಕ್ಕಳು ಆ ಮನೆ ಹೊಸ್ತಿಲು ದಾಟಿ ಬರುತ್ತವೆ, ಅದು ಏನು ಕಮ್ಮಿಯೆ?

ನಮ್ಮ ಊರಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಹೆಸರು ಹೇಳಿದರೆ ಬೈಯುತ್ತಾರೆ, ಹೇಳುವುದಿಲ್ಲ, ನಿಮಗೆಲ್ಲಾ ಗೊತ್ತು. ಒಂದೇ ಹಸು. ಹೊತ್ತಿಗೆ ಒಂದೂವರೆ ಲೀಟರು ತಂದರೆ ಹೆಚ್ಚು. ಮಗ, ಸೊಸೆ ಬೆಂಗಳೂರಿನಲ್ಲಿ ಚೆನ್ನಾಗಿದ್ದಾರೆ, ಒಳ್ಳೆ ಮಕ್ಕಳು, ಹಸು ಮಾರಿ ಬಾ ಅಂತ ಕರೆದರು. ಅಜ್ಜಿ ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋದರು, ಹದಿನೈದೇ ದಿನಕ್ಕೆ ಬಸ್ಸಿಳಿದರು. ಸೊಸೆ ಏನಾದರೂ ಅಂದಳೇನೋ ಅಂತ ಸಾಲಿನಲ್ಲಿ ಗುಸುಗುಸು. ಅಜ್ಜಿ ಕೇಳಿಸಿಕೊಂಡು ಅಂದರು, "ಅವಳು ಚಿನ್ನದಂಥವಳು ಕಣ್ರವ್ವ. ಕೂತ ಜಾಗಕ್ಕೆ ಕಾಫಿ ಕೊಡ್ತಾಳೆ. ಆದ್ರೆ ಅಲ್ಲಿ ಬೆಳಿಗ್ಗೆ ಎದ್ರೆ ನನ್ನ ಯಾರೂ ಕಾಯ್ತಿರಲ್ಲ. ಇಲ್ಲಿ ನನ್ನ ಸದ್ದು ಕೇಳಿದ್ರೆ ಅದು ಎದ್ದು ನಿಂತ್ಕೊತದೆ." ಇದಕ್ಕೆ ಯಾರು ಏನು ಉತ್ತರ ಕೊಡುತ್ತಾರೆ?

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಮಾತು ಏಳುತ್ತಿರಬಹುದು. ಇವರು ಹೀಗೆ ಗಿಣ್ಣು, ಕರು ಅಂತ ಹೇಳಿ ಹಾಲಿನ ರೇಟಿನ ಮಾತು ಮರೆಸುತ್ತಿದ್ದಾರಾ ಅಂತ. ಇಲ್ಲ. ಬಡವರಿಗೆ ಸಂತೋಷದ ಉಪದೇಶ ಮಾಡುವವರನ್ನು ಕಂಡರೆ ನಮಗೂ ಆಗುವುದಿಲ್ಲ. ಇರುವುದರಲ್ಲೇ ತೃಪ್ತಿ ಪಡಿ ಅನ್ನುವ ಮಾತು ಸಾಮಾನ್ಯವಾಗಿ ಹೊಟ್ಟೆ ತುಂಬಿದವರ ಬಾಯಿಂದ ಬರುತ್ತದೆ. ಹಸು ಕಟ್ಟಿದವರಿಗೆ ಭಾನುವಾರ ಇಲ್ಲ, ಹಬ್ಬ ಇಲ್ಲ, ಮೈ ಬಿಸಿಯಾದರೂ ರಜಾ ಇಲ್ಲ. ದಿನಕ್ಕೆ ಎರಡು ಸಲ ಕರೆದರೆ ವರ್ಷಕ್ಕೆ 730 ಸಲ. ಇಪ್ಪತ್ತೈದು ವರ್ಷಕ್ಕೆ 18,250 ಸಲ. ತವರಿನಲ್ಲಿ ಒಂದು ರಾತ್ರಿ ಉಳಿದು ಬಂದು ಎಷ್ಟು ವರ್ಷವಾಯಿತು ಅಂತ ಇಲ್ಲಿರುವ ತಾಯಂದಿರನ್ನು ಕೇಳಿ ನೋಡಿ. ಹಿಂಡಿ, ಬೂಸಾ ಬೆಲೆ ಏರಿದಾಗ ಹಾಲಿನ ಬೆಲೆಯೂ ಏರಬೇಕು ಅಂತ ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರೋಣ. ಸಂತೋಷ ಸಿಗುತ್ತದೆ ಅಂತ ಕೂಲಿ ಬಿಟ್ಟುಕೊಡುವುದಕ್ಕೆ ಆಗುತ್ತದೆಯೆ?

ಅದೇ ಮಾತಿಗೆ ಇನ್ನೊಂದು ಸೇರಿಸಬೇಕು. ಮೊದಲೆಲ್ಲಾ ಬಟವಾಡೆ ಅಂದರೆ ಕೈಗೆ ದುಡ್ಡು. ಹಾಲು ಹಾಕಿದ ಹೆಂಗಸೇ ಬಂದು, ಪಾಸ್‌ಪುಸ್ತಕ ತೋರಿಸಿ, ನೋಟು ಎಣಿಸಿ, ಸೊಂಟದ ಚೀಲಕ್ಕೆ ಸೇರಿಸುತ್ತಿದ್ದಳು. ಹೋಗುವಾಗ ಅಂಗಡಿಯಲ್ಲಿ ಮೊಮ್ಮಗುವಿಗೆ ಬಿಸ್ಕತ್ತು, ತನಗೊಂದು ಕಟ್ಟು ಎಲೆ. ಆ ಹತ್ತು ಹೆಜ್ಜೆ ನಡೆಯುವಾಗ ಆಕೆಯ ಗತ್ತೇ ಬೇರೆ ಇರುತ್ತಿತ್ತು. ಈಗ ಹಣ ಬ್ಯಾಂಕ್ ಖಾತೆಗೆ ಹೋಗುತ್ತದೆ. ಲೆಕ್ಕ ಚೊಕ್ಕ, ಬಹಳ ಒಳ್ಳೆ ವ್ಯವಸ್ಥೆ. ಆದರೆ ಖಾತೆ ಯಾರ ಹೆಸರಿನಲ್ಲಿದೆ? ಷೇರು ಯಾರ ಹೆಸರಿನಲ್ಲಿದೆ? ಸಗಣಿ ಬಾಚುವವಳು ಒಬ್ಬಳು, ಹಣ ಬಂದ ಮೆಸೇಜು ಹೋಗುವುದು ಇನ್ನೊಬ್ಬರ ಫೋನಿಗೆ. ಗಂಡಸರು ಬೇಸರ ಮಾಡಿಕೊಳ್ಳಬಾರದು. ನಾವು ಆಕೆಯ ದುಡ್ಡಿನ ಜತೆಗೆ ಆ ಹತ್ತು ಹೆಜ್ಜೆಯ ಸಂತೋಷವನ್ನೂ ಕಿತ್ತುಕೊಂಡಿದ್ದೇವೆ. ಹಾಲು ಹಾಕುವವರ ಹೆಸರಿಗೇ ಸದಸ್ಯತ್ವ, ಅವರ ಹೆಸರಿಗೇ ಖಾತೆ ಮಾಡಿಸುವ ಮಾತನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಯಾರಾದರೂ ಎತ್ತಬೇಕು. ಯಾರೂ ಎತ್ತದಿದ್ದರೆ ನಾವೇ ಎತ್ತುತ್ತೇವೆ.

ಕಷ್ಟದ ದಿನಗಳೂ ಬಂದವು. 2020ರ ಲಾಕ್‌ಡೌನ್‌ನಲ್ಲಿ ಬಸ್ಸು ನಿಂತಿತು, ಸಂತೆ ನಿಂತಿತು, ಟೊಮ್ಯಾಟೊ ಹೊಲದಲ್ಲೇ ಕೊಳೆಯಿತು. ಹಾಲಿನ ವಾಹನ ಮಾತ್ರ ಬರುತ್ತಿತ್ತು. ಅದರ ಹಾರನ್ ಕೇಳಿದರೆ ಲೋಕ ಇನ್ನೂ ಇದೆ ಅನ್ನುವ ಧೈರ್ಯ. 2022ರಲ್ಲಿ ರಾಜ್ಯದ ಎಷ್ಟೋ ಕಡೆ ಚರ್ಮಗಂಟು ರೋಗ ಹಬ್ಬಿತು. ಮೈತುಂಬಾ ಗಂಟು, ಜ್ವರ, ಮೇವು ಮುಟ್ಟುವುದಿಲ್ಲ. ಹಸು ಕಳೆದುಕೊಂಡ ಮನೆಯ ಯಜಮಾನಿ ಮಾರನೆ ದಿನ ಬೆಳಿಗ್ಗೆ, ಅಭ್ಯಾಸ ತಪ್ಪಿಸಲಾಗದೆ, ಖಾಲಿ ಕೈಯಲ್ಲಿ ಡೈರಿ ಹತ್ತಿರ ಬಂದು ನಿಂತದ್ದನ್ನು ನೋಡಿದ್ದೇವೆ. ಯಾರೂ ಏನೂ ಕೇಳಲಿಲ್ಲ. ಸಾಲಿನಲ್ಲಿ ಜಾಗ ಬಿಟ್ಟು ಕೊಟ್ಟರು. ಒಬ್ಬರು ತಮ್ಮ ಕ್ಯಾನಿನಿಂದ ಒಂದು ಲೋಟ ಹಾಲು ಬಗ್ಗಿಸಿ, "ಕಾಫಿಗೆ ಇಟ್ಕೊಳಿ ಅಕ್ಕ" ಅಂದರು. ಅದನ್ನು ಸಂತೋಷ ಅನ್ನಲು ಬಾಯಿ ಬರುವುದಿಲ್ಲ. ಆದರೆ ಆಕೆ ಮಾರನೆ ದಿನವೂ ಬಂದರು.

ಯುವಕರಿಗೆ ಒಂದು ಮಾತು. ಯಾವಾಗಲೂ ಮೊಬೈಲು ನೋಡುತ್ತೀರಿ ಅಂತ ನಿಮ್ಮನ್ನು ಬೈಯುವುದು ಈಗಿನ ಭಾಷಣಗಳಲ್ಲಿ ವಾಡಿಕೆ. ನಾವು ಬೈಯುವುದಿಲ್ಲ. ಪಟ್ಟಣದಲ್ಲಿ ರೂಮು ಮಾಡಿಕೊಂಡಿರುವ ಹುಡುಗ ರಾತ್ರಿ ಫೋನು ಮಾಡಿ, "ಅಮ್ಮ, ಕರು ತೋರ್ಸು" ಅಂತಾನೆ. ಅಮ್ಮ ಕತ್ತಲಲ್ಲಿ ಕೊಟ್ಟಿಗೆಗೆ ಹೋಗಿ ಫೋನು ಹಿಡಿಯುತ್ತಾಳೆ. ಕರು ಫೋನನ್ನೇ ನೆಕ್ಕುತ್ತದೆ. ಅಲ್ಲಿ ಅವನು ನಗುತ್ತಾನೆ, ಇಲ್ಲಿ ಇವಳು. ಇದಕ್ಕೆ ಯಾಕೆ ಬೈಯಬೇಕು? ನಮಗೆ ಯೋಚನೆ ಇರುವುದು ಬೇರೆ. ಊರಿನಲ್ಲಿ ಕೊಟ್ಟಿಗೆಗಳು ಒಂದೊಂದಾಗಿ ಕಾರ್ ಶೆಡ್ಡು, ಬಾಡಿಗೆ ರೂಮು ಆಗುತ್ತಿವೆ. ಹಸು ಸಾಕುವುದು ಬಿಡುವುದು ಅವರವರ ಅನುಕೂಲ, ಬಲವಂತ ಮಾಡಲು ನಾವು ಯಾರು? ಹಸು ಇಲ್ಲದವರೂ ಬೆಳಿಗ್ಗೆ ಬಂದು ಒಂದು ಗಳಿಗೆ ನಿಲ್ಲುವ ಜಾಗ ಊರಿಗೆ ಬೇಕಲ್ಲ, ನಮ್ಮ ಯೋಚನೆ ಅಷ್ಟೆ.

ಅದಕ್ಕೇ ಆಡಳಿತ ಮಂಡಳಿಗೆ ಒಂದು ಅರಿಕೆ. ಬೆಳ್ಳಿಹಬ್ಬದ ನೆನಪಿಗೆ ಏನು ಮಾಡಬೇಕು ಅಂತ ಚರ್ಚೆ ನಡೆದಿದೆ. ಕಮಾನು ಕಟ್ಟಿಸಬೇಕು ಅಂತ ಕೆಲವರ ಆಸೆ. ಕಮಾನು ಆಮೇಲೆ ಆಗಲಿ. ಮೊದಲು ಡೈರಿಯ ಮುಂದೆ ಸಾಲು ನಿಲ್ಲುವ ಕಡೆ ಎರಡು ಕಲ್ಲುಬೆಂಚು, ಮೇಲೆ ಒಂದು ಶೀಟಿನ ಮಾಡು, ಪಕ್ಕದಲ್ಲಿ ಒಂದು ಹೊಂಗೆ ಸಸಿ. ಮಂಡಿ ನೋವಿನವರು ಕೂರುತ್ತಾರೆ, ಮಳೆಗೆ ನೆನೆಯುವುದು ತಪ್ಪುತ್ತದೆ. ಹಾಲು ಹಾಕಿ ಆದ ಮೇಲೂ ಐದು ನಿಮಿಷ ಕೂತು ಮಾತಾಡುವವರು ಮಾತಾಡಲಿ. ದೊಡ್ಡ ಖರ್ಚಿನ ಬಾಬತ್ತಲ್ಲ. ಕಲ್ಲು ಸಾಗಿಸಲು ಟ್ರ್ಯಾಕ್ಟರು ಕೊಡುತ್ತೇವೆ ಅಂತ ಇಬ್ಬರು ಊಟದ ಹೊತ್ತಿನಲ್ಲೇ ಒಪ್ಪಿಕೊಂಡಿದ್ದಾರೆ. ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಎಲ್ಲರ ಮುಂದೆ ಹೇಳಿದ್ದೇವೆ, ಇನ್ನು ಹಿಂದೆ ಸರಿಯುವ ಹಾಗಿಲ್ಲ.

ಹಿಂದಿನ ಸಾಲಿನಿಂದ ತಾಯಂದಿರು ಒಬ್ಬೊಬ್ಬರೇ ಏಳುತ್ತಿದ್ದಾರೆ. ನಾಲ್ಕೂಮುಕ್ಕಾಲು ಆಯಿತು, ಸಂಜೆ ಕರೆಯುವ ಹೊತ್ತು. ಅವರನ್ನು ಇನ್ನು ಹಿಡಿದಿಡಲು ಆಗುವುದಿಲ್ಲ.