ನಾಲಿಗೆ ಚಾಚಿದರೆ ಪಾಸು!

ಜೇನುಹುಳಕ್ಕೂ ಪರೀಕ್ಷೆ ಇದೆ, ಗೊತ್ತಾ? ಅದರ ಉತ್ತರಪತ್ರಿಕೆ ನಾಲಿಗೆ.

ಹುಳವನ್ನು ಮಂಜುಗಡ್ಡೆಯ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ತಣ್ಣಗಾಗಿ ಮಂಕಾಗುತ್ತದೆ. ಆಗ ಅದನ್ನು ಪುಟ್ಟ ಕೊಳವೆಯಲ್ಲಿ, ತಲೆ ಮಾತ್ರ ಹೊರಗಿರುವಂತೆ ಕೂರಿಸುತ್ತಾರೆ. ಎಚ್ಚರವಾದ ಮೇಲೆ ಯಾವುದೋ ಒಂದು ವಾಸನೆಯ ಗಾಳಿ ಊದುತ್ತಾರೆ. ಬೆನ್ನಿಗೇ ಕುಡಿಮೀಸೆಗೆ ಸಕ್ಕರೆ ನೀರು ಸೋಕಿಸುತ್ತಾರೆ. ಸಿಹಿ ತಾಗಿದ್ದೇ ತಡ, ನಾಲಿಗೆ ಹೊರಗೆ! ಹೀಗೆ ಕೆಲವು ಸಲ ಆದ ಮೇಲೆ ಸಕ್ಕರೆಗೆ ಕಾಯುವುದೇ ಇಲ್ಲ. ಬರೀ ವಾಸನೆಗೇ ನಾಲಿಗೆ ಚಾಚುತ್ತದೆ. ಪಾಠ ಕಲಿತಾಯಿತು. ಎಳ್ಳುಕಾಳಿನಷ್ಟು ಮಿದುಳಿಗೆ ಇದು ಸಣ್ಣ ಸಾಧನೆಯೇನಲ್ಲ.

ಹೊಲದಲ್ಲಿ ಈ ಕಲಿಕೆಯೇ ಹೊಟ್ಟೆಪಾಡು. ಯಾವ ವಾಸನೆಯ ಹೂವಿನಲ್ಲಿ ಮಕರಂದ ಸಿಕ್ಕಿತೆಂದು ನೆನಪಿಡದ ಹುಳ ಸುಮ್ಮನೆ ಅಲೆದು ದಣಿಯುತ್ತದೆ. ಗೂಡಿಗೆ ಆಹಾರ ಕಡಿಮೆಯಾಗುತ್ತದೆ.

ಈ ಕಲಿಕೆಗೆ ಅಡ್ಡಿ ಮಾಡುವವರು ಇದ್ದಾರೆ. ಕ್ಲೋಥಿಯಾನಿಡಿನ್ ಎಂಬ ಕೀಟನಾಶಕವನ್ನು ಬೀಜಕ್ಕೇ ಲೇಪಿಸುವುದುಂಟು. ಗಿಡ ಬೆಳೆದಂತೆ ಅದೂ ರಸದ ಜೊತೆ ಮೇಲೇರಿ ಮಕರಂದ, ಪರಾಗ ಸೇರುತ್ತದೆ. ಅದನ್ನು ತಿಂದ ಹುಳದ ನರಕೋಶಗಳ ಕೆಲಸ ಕೆಡುತ್ತದೆ. ಇನ್ನೊಂದು ನೊಸೆಮಾ ಸಿರಾನೆ, ಹುಳದ ಕರುಳಿನಲ್ಲಿ ಬೆಳೆಯುವ, ಬರಿಗಣ್ಣಿಗೆ ಕಾಣದ ಪರಾವಲಂಬಿ.

ವಿಷ ಒಂದು ಕಡೆ, ರೋಗ ಒಂದು ಕಡೆ. ಎರಡೂ ಸೇರಿದರೆ ಕಲಿಕೆ ಪೂರ್ತಿ ಹಾಳಾಗಬೇಕಲ್ಲವೇ? ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನೇ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಹೊಲದಲ್ಲಿ ಸಿಗುವಷ್ಟೇ ಕೀಟನಾಶಕ ಕುಡಿದ ಜೇನುಹುಳಗಳು ಪಾಠದಲ್ಲಿ ಹಿಂದೆ ಬಿದ್ದವು. ನೊಸೆಮಾ ತಗಲಿದವೂ ತುಸು ಹಿಂದೆ ಬಿದ್ದವು. ಆದರೆ ಎರಡೂ ಒಟ್ಟಿಗೆ ಬಂದಾಗ ಒಂದು ಇನ್ನೊಂದರ ಕಾಟವನ್ನು ಹೆಚ್ಚಿಸಲಿಲ್ಲ! ಹಾಗೆಂದು ಸಮಾಧಾನ ಪಡುವಂತಿಲ್ಲ. 2010ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ನೊಸೆಮಾ ಜೊತೆ ಇಮಿಡಾಕ್ಲೋಪ್ರಿಡ್ ಎಂಬ ಇನ್ನೊಂದು ಕೀಟನಾಶಕ ಕೊಟ್ಟು ನೋಡಿದ್ದರು. ಎರಡೂ ಸೇರಿದಾಗಲೇ ಅತಿ ಹೆಚ್ಚು ಹುಳಗಳು ಸತ್ತವು. ಬುದ್ಧಿಯ ಲೆಕ್ಕವೇ ಬೇರೆ, ಜೀವದ ಲೆಕ್ಕವೇ ಬೇರೆ.

ಸಸೆಕ್ಸ್‌ನವರು ಬಂಬಲ್‌ಬೀ ಎಂಬ ದಪ್ಪ, ರೋಮದ ದುಂಬಿಗೂ ಕ್ಲೋಥಿಯಾನಿಡಿನ್ ಕೊಟ್ಟಿದ್ದರು. ಅದರ ಕಲಿಕೆ ಮಾತ್ರ ಕುಗ್ಗಲಿಲ್ಲ! ಒಂದು ಜಾತಿಯ ಫಲಿತಾಂಶವನ್ನು ಇನ್ನೊಂದಕ್ಕೆ ಅಂಟಿಸಬಾರದು ಎಂದು ಅವರೇ ಬರೆದರು.

ಅವರು ಪರೀಕ್ಷಿಸಿದ್ದು ಯುರೋಪಿನ ಜೇನು. ನಮ್ಮ ಮಲೆನಾಡಿನ ಪೆಟ್ಟಿಗೆಗಳಲ್ಲಿರುವ ತುಡುವೆ ಬೇರೆ ಜಾತಿ. ನೊಸೆಮಾ ಸಿರಾನೆಯನ್ನು 1996ರಲ್ಲಿ ಮೊದಲು ಗುರುತಿಸಿದ್ದು ಈ ತುಡುವೆಯ ಜಾತಿಯಲ್ಲೇ, ಚೀನಾದಲ್ಲಿ. ಹಾಗಾಗಿ ತುಡುವೆಯ ಕಲಿಕೆಯ ವಿಷಯ ತಿಳಿಯಲು ತುಡುವೆಗೇ ಪರೀಕ್ಷೆ ಕೊಡಬೇಕು. ದೊಡ್ಡವರಾದ ಮೇಲೆ ನಿಮ್ಮಲ್ಲಿ ಯಾರು ಮೇಷ್ಟ್ರಾಗುತ್ತೀರಿ?