ಗ್ರಾಮಸೌಕರ್ಯಗಳೂ ಸಹಾಯಧನವೂ



ಶ್ರೀರಂಗಪಟ್ಟಣದ ಸಮೀಪದ ಕಿರಂಗೂರನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯನ್ನು ನೆನೆದು ಈಗಲೂ ಅಲ್ಲಿ ನಡೆಯುವ ಉತ್ಸವದ ಮೆರವಣಿಗೆಯು ಕಿರಂಗೂರಿನ ಬನ್ನಿಮಂಟಪದಿಂದಲೇ ಹೊರಡುತ್ತದೆ. ಆ ದಿನ ಅಲ್ಲಿ ಜನವೂ ವಾದ್ಯವೂ ತುಂಬಿರುವುವು. ನಾನಾದರೋ ವರ್ಷದ ಉಳಿದ ದಿನಗಳನ್ನು ಕುರಿತು ವಿಚಾರಮಾಡಲು ಬಂದಿದ್ದೇನೆ. ಇಂಥ ಊರುಗಳ ಹುಡುಗರು ನಿತ್ಯವೂ ಎಲ್ಲಿ ಆಡಬೇಕು? ಹೆಂಗಸರು ಸಂಜೆಯಲ್ಲಿ ಎಲ್ಲಿ ಕಲೆಯಬೇಕು? ವೃದ್ಧರು ಪತ್ರಿಕೆಯನ್ನು ಎಲ್ಲಿ ಕುಳಿತು ಓದಬೇಕು? ಹೆದ್ದಾರಿಯ ಮಗ್ಗುಲಲ್ಲಿ ನೆಲದ ಬೆಲೆ ಏರಿದಷ್ಟೂ ಊರ ಬಯಲು ಕಿರಿದಾಗುವುದು. ಒಮ್ಮೆ ಕೈತಪ್ಪಿದ ಬಯಲನ್ನು ಯಾವ ಸಹಾಯಧನವೂ ಹಿಂದಕ್ಕೆ ತಂದುಕೊಡಲಾರದು.

ಹಣವೆಲ್ಲಿ ಎಂದು ಕೇಳುವಿರಿ. ಹಣವು ಇಲ್ಲದೆ ಇಲ್ಲ. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗೆ ಗ್ರಾಮಾಂತರ ಸಂಸ್ಥೆಗಳಿಗೆ ಗೊತ್ತುಮಾಡಿದ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಮೀಸಲಿಟ್ಟಿತು. ಉಳಿದ 40 ಭಾಗವನ್ನು, ಸಂಬಳ ಸಾರಿಗೆಗಳಿಗೆ ಬಳಸದೆ, ಊರಿನ ಇತರ ಅಗತ್ಯಗಳಿಗೆ ವಿನಿಯೋಗಿಸಬಹುದಾಗಿತ್ತು. 2005ರ ಉದ್ಯೋಗ ಖಾತರಿ ಕಾಯಿದೆಯ ಅಡಿಯಲ್ಲಿ ಆಟದ ಮೈದಾನವನ್ನು ಸಿದ್ಧಪಡಿಸಲೂ ಅವಕಾಶ ದೊರೆಯಿತು. 1993ರಲ್ಲಿ ಆರಂಭವಾದ ಲೋಕಸಭಾ ರಾಜ್ಯಸಭಾ ಸದಸ್ಯರ ಪ್ರದೇಶಾಭಿವೃದ್ಧಿ ನಿಧಿಯು 2011–12ರಿಂದ ಸದಸ್ಯರೊಬ್ಬರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಗೆ ಏರಿತು. ಯೋಜನೆಗಳ ಹೆಸರು ಕಾಲಕಾಲಕ್ಕೆ ಬದಲಾಗುವುದು. ಹಣವನ್ನು ಪಡೆಯುವ ಕ್ರಮವು ಅಷ್ಟಾಗಿ ಬದಲಾಗದು. ಆ ಕ್ರಮವನ್ನರಿತ ಊರು ಮುಂದೆ ಹೋಗುವುದು. ಅರಿಯದ ಊರು ಅರ್ಜಿ ಹಿಡಿದು ಬಾಗಿಲಿನಿಂದ ಬಾಗಿಲಿಗೆ ಅಲೆಯುವುದು.

ಮೊದಲನೆಯದು ನೆಲ. ಮೈದಾನವೆಂದು ನಾವು ಕರೆಯುವ ಜಾಗವು ಪಹಣಿಯಲ್ಲಿ ಯಾರ ಹೆಸರಿನಲ್ಲಿದೆ, ಸರ್ವೆ ನಂಬರು ಯಾವುದು, ಗಡಿ ಎಲ್ಲಿಗೆ ಎಂಬುದನ್ನು ನೋಡಿಕೊಳ್ಳಬೇಕು. ತಕರಾರಿರುವ ನೆಲದ ಮೇಲೆ ಸರಕಾರದ ಹಣ ಇಳಿಯುವುದು ಕಷ್ಟ.

ಎರಡನೆಯದು ಸಭೆ. 1993ರ ಪಂಚಾಯತ್ ರಾಜ್ ಕಾಯಿದೆಯು ಗ್ರಾಮಸಭೆಗೆ ಸ್ಥಾನವನ್ನು ಕಲ್ಪಿಸಿದೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಅಲ್ಲಿ ಆಡಿ ನಡವಳಿಯಲ್ಲಿ ಬರೆಯಿಸಿದ ಮಾತು ಕ್ರಿಯಾಯೋಜನೆಯನ್ನು ಸೇರಬಲ್ಲುದು. ಅರಳಿಕಟ್ಟೆಯ ಮೇಲೆ ಆಡಿದ ಮಾತು ಗಾಳಿಯನ್ನು ಸೇರುವುದು. ಹೆಂಗಸರೂ ಕೇರಿಯ ಜನರೂ ಅಲ್ಲಿಗೆ ಬಂದು ತಮಗೆ ಬೇಕಾದುದನ್ನು ಹೇಳಬೇಕು. ಇಲ್ಲವಾದರೆ ಮೈದಾನವು ಕೆಲವೇ ಯುವಕರ ಆಟಕ್ಕೂ ಭವನವು ಕೆಲವೇ ಮನೆಗಳ ಮದುವೆಗೂ ಮೀಸಲಾದೀತು.

ಮೂರನೆಯದು ಅಂದಾಜುಪಟ್ಟಿ. ‘ನಮ್ಮೂರಿಗೆ ಸೌಕರ್ಯ ಬೇಕು’ ಎಂಬ ಅರ್ಜಿಗೆ ಉತ್ತರ ಕೊಡುವುದು ಯಾವ ಅಧಿಕಾರಿಗೂ ಸುಲಭವಲ್ಲ. ‘ಇಷ್ಟು ಉದ್ದದ ಬೇಲಿ, ಎರಡು ಶೌಚಗೃಹ, ಒಂದು ನೀರಿನ ನಲ್ಲಿ, ನಾಲ್ಕು ದೀಪ’ ಎಂದು ನಕ್ಷೆಯೊಡನೆ ಕೇಳಿದರೆ ಎಂಜಿನಿಯರು ಬೆಲೆ ಕಟ್ಟುವನು, ಮಂಜೂರಾತಿಗೆ ದಾರಿಯಾಗುವುದು.

ನಾಲ್ಕನೆಯದು ನಮ್ಮ ಪಾಲು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಸಾಮಾನ್ಯವಾಗಿ ನೂರಕ್ಕೆ 10 ಭಾಗವನ್ನು ಗ್ರಾಮಸ್ಥರೇ ಹಣವಾಗಿಯೋ ವಸ್ತುವಾಗಿಯೋ ದುಡಿಮೆಯಾಗಿಯೋ ಕೊಡಬೇಕೆಂದು ವಿಧಿಸಿತು. ಕೊಟ್ಟವನಿಗೆ ವಸ್ತುವಿನ ಮೇಲೆ ಮಮತೆ ಹುಟ್ಟುವುದೆಂಬ ತಿಳಿವು ಇದರಲ್ಲಿದೆ. ಜಾತ್ರೆಗೆ ಮನೆಮನೆಯಿಂದ ವರಿ ಎತ್ತುವ ನಮಗೆ ಇದು ಹೊಸ ಪಾಠವೇನೂ ಅಲ್ಲ.

ಇವೆಲ್ಲಕ್ಕಿಂತಲೂ ಹೆಚ್ಚಿನ ಮಾತೊಂದು ಉಳಿದಿದೆ. ಕಟ್ಟಡ ಕಟ್ಟಲು ಅನುದಾನ ಬರುವುದು, ಗುಡಿಸಲು ಬರದು. ಬೀಗದ ಕೈ ಯಾರ ಬಳಿ, ದೀಪದ ಬಾಕಿಯನ್ನು ತೆರುವವರಾರು, ಮುರಿದ ಜೋಕಾಲಿಯನ್ನು ಸರಿಪಡಿಸುವವರಾರು ಎಂಬುದನ್ನು ಅಡಿಗಲ್ಲು ಇಡುವ ಮೊದಲೇ ನಿಶ್ಚಯಿಸಿರಿ. ಖರ್ಚಿನ ಲೆಕ್ಕವನ್ನು ಊರಿಗೆಲ್ಲ ಕಾಣುವಂತೆ ಗೋಡೆಯ ಮೇಲೆ ಬರೆಯಿಸಿರಿ. ಮೊದಲ ಕಂತಿನ ಲೆಕ್ಕ ಶುದ್ಧವಾಗಿದ್ದರೆ ಎರಡನೆಯ ಕಂತನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಅನುದಾನವು ಭಿಕ್ಷೆಯಲ್ಲ. ಉಪ್ಪಿನಿಂದ ಹಿಡಿದು ಊರುಗೋಲಿನವರೆಗೆ ಕೊಂಡು ಬಾಳುವ ಪ್ರಜೆಗಳು ತೆತ್ತ ತೆರಿಗೆಯೇ ಆ ರೂಪದಿಂದ ಮರಳುವುದು. ಆದುದರಿಂದ ಕೈಚಾಚಿ ಬೇಡುವವರಂತೆ ಹೋಗಬೇಡಿರಿ. ಕಾಗದವನ್ನೂ ಲೆಕ್ಕವನ್ನೂ ಒಮ್ಮತವನ್ನೂ ಹಿಡಿದು ಹೋಗಿರಿ. ಬನ್ನಿಮಂಟಪದ ಬಳಿ ವರ್ಷಕ್ಕೊಮ್ಮೆ ಕಾಣುವ ಸಂತೋಷದಲ್ಲಿ ಒಂದು ಪಾಲಾದರೂ ನಮ್ಮ ಮಕ್ಕಳಿಗೆ ಪ್ರತಿ ಸಂಜೆಯೂ ದೊರಕಲಿ.